ಎಲ್‌ಎಲ್‌ಪಿ ಮಾಡುತ್ತಿದ್ದೀರಾ? ಒಪ್ಪಂದ ಪತ್ರಕ್ಕೆ ಎರಡು ಸಂಜೆ ಕೊಡಿ

ಗೆಳೆಯರಿಬ್ಬರು ಸೇರಿ ವ್ಯಾಪಾರಕ್ಕೆ ಇಳಿದಿದ್ದರು. ಒಬ್ಬರು ಆರು ಲಕ್ಷ ರೂಪಾಯಿ ಹಾಕಿದರು. ಇನ್ನೊಬ್ಬರು ದುಡ್ಡು ಹಾಕಲಿಲ್ಲ, ಬೆಳಿಗ್ಗೆಯಿಂದ ರಾತ್ರಿವರೆಗೂ ದುಡಿದರು. ನೋಂದಣಿ ಮಾಡಿಸಿದ ಏಜೆಂಟ್ ತನ್ನ ಹತ್ತಿರ ಇದ್ದ ಹಳೆಯ ಒಪ್ಪಂದದಲ್ಲಿ ಹೆಸರು ಬದಲಿಸಿ ಸಹಿ ಹಾಕಿಸಿಕೊಂಡ. ಇಬ್ಬರೂ ಅದನ್ನು ಓದಲಿಲ್ಲ. ಎರಡು ವರ್ಷ ಕಳೆದು ಲಾಭ ಬಂದಾಗ ಯಾರಿಗೆ ಎಷ್ಟು ಎಂಬ ಮಾತು ಎದ್ದಿತು. ಆ ಕಾಗದದಲ್ಲಿ ಇವರ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಇಂಥದ್ದನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್‌ಎಲ್‌ಪಿ ಎಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ. 2008ರ ಕಾಯ್ದೆಯಿಂದ ಬಂದದ್ದು. ಮಾಮೂಲಿ ಪಾಲುದಾರಿಕೆಯಲ್ಲಿ ವ್ಯಾಪಾರದ ಸಾಲ ನಿಮ್ಮ ಮನೆ, ಒಡವೆವರೆಗೂ ಬರಬಹುದು. ಎಲ್‌ಎಲ್‌ಪಿಯಲ್ಲಿ ನೀವು ಹಾಕಲು ಒಪ್ಪಿದ ಬಂಡವಾಳದ ಹತ್ತಿರ ಅದು ನಿಲ್ಲುತ್ತದೆ. ಆದರೆ ನೀವೇ ಮಾಡಿದ ತಪ್ಪಿಗೆ ನೀವೇ ಹೊಣೆ. ಮೋಸ ಮಾಡಿದರೆ ಹೊಣೆಗೆ ಮಿತಿಯೇ ಇಲ್ಲ. ಇನ್ನೊಂದು ವಿಷಯವನ್ನು ಜಾಸ್ತಿ ಜನ ಮರೆಯುತ್ತಾರೆ. ಸಾಲ ಕೊಡುವಾಗ ಬ್ಯಾಂಕ್ ಪಾಲುದಾರರಿಂದ ವೈಯಕ್ತಿಕ ಜಾಮೀನು ಬರೆಸಿಕೊಂಡರೆ, ಆ ಸಾಲದ ಮಟ್ಟಿಗೆ ಈ ರಕ್ಷಣೆ ಇಲ್ಲ. ಸಹಿ ಹಾಕುವ ಮುಂಚೆ ಓದಿ.

ಕಡಿಮೆ ಎಂದರೆ ಇಬ್ಬರು ಬೇಕು. ಇಬ್ಬರು ನಿಯೋಜಿತ ಪಾಲುದಾರರಾಗಬೇಕು, ಅಂದರೆ ಕಾನೂನು ಪಾಲನೆಯ ಹೊಣೆ ಹೊರುವವರು. ಅವರಲ್ಲಿ ಒಬ್ಬರಾದರೂ ಆ ಹಣಕಾಸು ವರ್ಷದಲ್ಲಿ 120 ದಿನಕ್ಕೆ ಕಡಿಮೆಯಿಲ್ಲದೆ ಭಾರತದಲ್ಲಿ ಇದ್ದವರಾಗಿರಬೇಕು. ನೀವು ಒಬ್ಬರೇ ಇದ್ದರೆ ಸುಮ್ನೆ ಲೆಕ್ಕ ತುಂಬಿಸಲು ಅಮ್ಮನ ಹೆಸರನ್ನೋ ಭಾವನ ಹೆಸರನ್ನೋ ಸೇರಿಸಬೇಡಿ. ಕಾನೂನು ಪಾಲನೆಯಲ್ಲಿ ತಪ್ಪಾದರೆ ದಂಡ ನಿಯೋಜಿತ ಪಾಲುದಾರರ ತಲೆ ಮೇಲೂ ಬರುತ್ತದೆ. ಒಬ್ಬರೇ ಇರುವವರಿಗೆ ಏಕವ್ಯಕ್ತಿ ಕಂಪನಿ ಇದೆ, ಅದನ್ನು ನೋಡಿ.

ಮೊದಲ ಕೆಲಸ ಡಿಜಿಟಲ್ ಸಹಿ, ಅಂದರೆ ಆನ್‌ಲೈನ್ ಅರ್ಜಿಗಳಿಗೆ ಹಾಕುವ ಸಹಿ. ಕ್ಲಾಸ್ 3 ತೆಗೆದುಕೊಳ್ಳಿ. ಪಾನ್, ಆಧಾರ್ ಇದ್ದರೆ ಬೇಗ ಆಗುತ್ತದೆ. ಸಹಿ ಇರುವ ಆ ಪುಟ್ಟ ಯುಎಸ್‌ಬಿ ಟೋಕನ್ ಏಜೆಂಟರ ಡ್ರಾಯರ್‌ನಲ್ಲಿ ಇರಬಾರದು, ನಿಮ್ಮ ಹತ್ತಿರವೇ ಇರಲಿ. ಪಾಸ್‌ವರ್ಡ್ ಕೂಡ. ಅದು ನಿಮ್ಮ ಸಹಿ ಅಲ್ವಾ? ಖಾಲಿ ಚೆಕ್‌ಗೆ ಸಹಿ ಹಾಕಿ ಯಾರ ಕೈಗೂ ಕೊಡುವುದಿಲ್ಲವಲ್ಲ, ಇದೂ ಹಾಗೇ.

ಎರಡನೆಯದು ಹೆಸರು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ 200 ರೂಪಾಯಿ ಶುಲ್ಕ ಕಟ್ಟಿ ಎರಡು ಹೆಸರು ಕೊಡಬಹುದು. ಒಪ್ಪಿಗೆಯಾದ ಹೆಸರು ಮೂರು ತಿಂಗಳು ನಿಮಗಾಗಿ ಇರುತ್ತದೆ. ಕಂಪನಿಗಳ ಪಟ್ಟಿಯಲ್ಲಿ ಹುಡುಕಿದರೆ ಸಾಲದು, ಟ್ರೇಡ್‌ಮಾರ್ಕ್ ಪಟ್ಟಿಯನ್ನೂ ನೋಡಿ. ಇರುವ ಹೆಸರಿಗೆ ಒಂದು ಅಕ್ಷರ ಸೇರಿಸಿದರೆ ಹೊಸ ಹೆಸರು ಆಗುವುದಿಲ್ಲ. ಹೆಸರು ಸಿಗುವ ಮುಂಚೆ ಬೋರ್ಡ್ ಬರೆಸಬೇಡಿ.

ಮೂರನೆಯದು ನೋಂದಣಿ ಅರ್ಜಿ. ಇದಕ್ಕೆ ಫಿಲ್ಲಿಪ್ ಎನ್ನುತ್ತಾರೆ. ಪಾಲುದಾರರ ಗುರುತಿನ ಸಂಖ್ಯೆ, ಎಲ್‌ಎಲ್‌ಪಿಯ ಪಾನ್, ಟ್ಯಾನ್ (ಟಿಡಿಎಸ್ ಕಟ್ಟಲು ಬೇಕಾದ ಸಂಖ್ಯೆ) ಎಲ್ಲವೂ ಇದರಲ್ಲೇ ಬರುತ್ತವೆ. ಬಂಡವಾಳ ಒಂದು ಲಕ್ಷದೊಳಗೆ ಇದ್ದರೆ ನೋಂದಣಿ ಶುಲ್ಕ 500 ರೂಪಾಯಿ. ಅರ್ಜಿ ವಾಪಸ್ ಬರುವುದು ಬಹಳ ಸಲ ವಿಳಾಸದ ದಾಖಲೆಯಿಂದ. ಕರೆಂಟ್ ಬಿಲ್ ಎರಡು ತಿಂಗಳಿಗಿಂತ ಹಳೆಯದಾಗಿರಬಾರದು. ಬಾಡಿಗೆ ಜಾಗವಾದರೆ ಕರಾರಿನ ಜೊತೆ ಮಾಲೀಕರ ಒಪ್ಪಿಗೆ ಪತ್ರವೂ ಬೇಕು. ಬಿಲ್‌ನಲ್ಲಿ ಇರುವ ಹೆಸರು, ಒಪ್ಪಿಗೆ ಪತ್ರ ಕೊಟ್ಟವರ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ. ಎಷ್ಟೋ ಮನೆಗಳ ಮೀಟರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಎಲ್ಲರೂ ಸಿಹಿ ಹಂಚುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆಗ. ನೋಂದಣಿಯಾದ 30 ದಿನದೊಳಗೆ ಒಪ್ಪಂದದ ವಿವರವನ್ನು ಫಾರ್ಮ್ 3ರಲ್ಲಿ ಸಲ್ಲಿಸಬೇಕು. ಆ ಆತುರದಲ್ಲೇ ಜನ ನೆಟ್‌ನಲ್ಲಿ ಸಿಕ್ಕಿದ ನಮೂನೆ ಹಿಡಿಯುತ್ತಾರೆ. ಒಪ್ಪಂದದ ಕರಡನ್ನು ಅರ್ಜಿ ಹಾಕುವ ಮುಂಚೆಯೇ ಸಿದ್ಧ ಮಾಡಿ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ.

ಒಪ್ಪಂದದಲ್ಲಿ ಒಂದು ವಿಷಯ ಬರೆಯದೆ ಬಿಟ್ಟರೆ ಆ ಜಾಗಕ್ಕೆ ಕಾಯ್ದೆಯ ಮೊದಲ ಅನುಸೂಚಿ ಬಂದು ಕೂರುತ್ತದೆ. ಅದು ಹೇಳುವುದು ಇದನ್ನು: ಬಂಡವಾಳ, ಲಾಭ, ನಷ್ಟದಲ್ಲಿ ಎಲ್ಲರಿಗೂ ಸಮಪಾಲು. ದುಡಿದವರಿಗೆ ಸಂಬಳ ಇಲ್ಲ. ತೀರ್ಮಾನ ಬಹುಮತದಿಂದ, ತಲೆಗೊಂದು ಮತ. ಇಬ್ಬರೇ ಇದ್ದು ಒಬ್ಬರು ಹೌದು, ಒಬ್ಬರು ಬೇಡ ಎಂದರೆ? ಕೆಲಸ ಅಲ್ಲಿಗೇ ನಿಂತಿತು. ಬಹುಮತ ಇದ್ದರೂ ಒಬ್ಬರನ್ನು ಹೊರಗೆ ಹಾಕಲು ಆಗುವುದಿಲ್ಲ, ಆ ಅಧಿಕಾರ ಒಪ್ಪಂದದಲ್ಲಿ ಸ್ಪಷ್ಟವಾಗಿ ಇರಬೇಕು.

ಹಾಗಾಗಿ ಇಬ್ಬರೂ ಒಂದು ಸಂಜೆ ಎದುರು ಬದುರು ಕೂತು ಮಾತಾಡಿ. ಫೋನ್ ಪಕ್ಕಕ್ಕೆ ಇಡಿ. ದುಡ್ಡು ಯಾರದು ಎಷ್ಟು, ಯಾವ ತಾರೀಖಿನೊಳಗೆ? ದುಡಿಮೆಯನ್ನೇ ಬಂಡವಾಳ ಎಂದು ಹಿಡಿಯುವುದಾದರೆ ಅದರ ಬೆಲೆ ಎಷ್ಟು? ಲಾಭದ ಪಾಲು ಬೇರೆ, ಬಂಡವಾಳದ ಪಾಲು ಬೇರೆ ಇರಬಹುದು. ಎರಡನ್ನೂ ಬಿಡಿಬಿಡಿಯಾಗಿ ಬರೆಯಿರಿ.

ಸಂಬಳದ ಮಾತು ಸಂಕೋಚದ್ದು, ಗೊತ್ತು. ಆದರೂ ಆಡಲೇಬೇಕು. ದುಡಿಯುವ ಪಾಲುದಾರರಿಗೆ ಸಂಬಳ ಕೊಡುವ ಬಗ್ಗೆ ಒಪ್ಪಂದದಲ್ಲಿ ಇಲ್ಲದಿದ್ದರೆ ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚು ಎಂದು ಕಳೆಯಲು ಬರುವುದಿಲ್ಲ. ಬಂಡವಾಳದ ಮೇಲೆ ಕೊಡುವ ಬಡ್ಡಿಗೂ ಇದೇ ನಿಯಮ, ಅದೂ ವರ್ಷಕ್ಕೆ ಶೇ 12ರವರೆಗೆ ಮಾತ್ರ. ಎಲ್‌ಎಲ್‌ಪಿಯ ಲಾಭಕ್ಕೆ ನೇರವಾಗಿ ಶೇ 30 ತೆರಿಗೆ, ಮೇಲೆ ಸೆಸ್. ಒಂದು ಸಾಲು ಬರೆಯದೆ ಬಿಟ್ಟರೆ ಎಷ್ಟು ದುಡ್ಡು ಹೋಗುತ್ತದೆ ನೋಡಿ.

ಎರಡನೇ ಸಂಜೆ ಬೇಡದ ಮಾತುಗಳಿಗೆ. ಒಬ್ಬರು ಬಿಟ್ಟು ಹೋದರೆ? ಒಪ್ಪಂದ ಏನೂ ಹೇಳದಿದ್ದರೆ 30 ದಿನದ ನೋಟಿಸ್ ಕೊಟ್ಟು ಹೊರಡಬಹುದು. ಅಷ್ಟು ದಿನದಲ್ಲಿ ಅವರ ದುಡ್ಡನ್ನು ವಾಪಸ್ ಮಾಡಲು ನಿಮಗೆ ಆಗುತ್ತದೆಯೇ? ಆಗದಿದ್ದರೆ ಕಂತು ಎಷ್ಟು, ಅವರ ಪಾಲಿಗೆ ಬೆಲೆ ಕಟ್ಟುವವರು ಯಾರು ಎಂದು ಬರೆದಿಡಿ. ಒಬ್ಬರು ತೀರಿಕೊಂಡರೆ ಮನೆಯವರಿಗೆ ಹಾಕಿದ ಬಂಡವಾಳ ಮತ್ತು ಉಳಿದ ಲಾಭದ ಪಾಲು ಸಿಗಬೇಕು. ಆದರೆ ಆಡಳಿತದಲ್ಲಿ ಅವರಿಗೆ ಹಕ್ಕಿಲ್ಲ. ಇದನ್ನು ಈಗಲೇ ನಿಮ್ಮ ನಿಮ್ಮ ಮನೆಯವರಿಗೂ ಓದಿ ಹೇಳಿ. ಜಗಳ ಬಂದರೆ ಮಧ್ಯಸ್ಥಗಾರರು ಯಾರು, ಎಷ್ಟು ರೂಪಾಯಿಯ ಮೇಲಿನ ಖರ್ಚಿಗೆ ಇಬ್ಬರ ಸಹಿಯೂ ಬೇಕು, ಇವೂ ಇರಲಿ.

ಇದನ್ನೆಲ್ಲ ಮೊದಲು ಕನ್ನಡದಲ್ಲೇ ನಿಮ್ಮ ಮಾತಿನಲ್ಲಿ ಬರೆಯಿರಿ. ಆಮೇಲೆ ವಕೀಲರಿಗೋ ಸಿಎಗೋ ಕೊಡಿ. ಅವರ ಫೀಸಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ, ಬೇಕಾದರೆ ಲೋಗೊದಲ್ಲಿ ಉಳಿಸಿ. ಒಪ್ಪಂದಕ್ಕೆ ರಾಜ್ಯದ ಮುದ್ರಾಂಕ ಶುಲ್ಕ ಕಟ್ಟಬೇಕು. ಅರ್ಜಿಯಲ್ಲಿ ತೋರಿಸಿದ ಬಂಡವಾಳಕ್ಕೂ ಒಪ್ಪಂದದಲ್ಲಿ ಬರೆದ ಬಂಡವಾಳಕ್ಕೂ ತಾಳೆ ಇರಬೇಕು.

ಮುಂದೆ ಎಲ್‌ಎಲ್‌ಪಿ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯಿರಿ. ಮನೆಯ ದುಡ್ಡು ಇದಕ್ಕೆ, ಇದರ ದುಡ್ಡು ಮನೆಗೆ ಬೆರೆಸಬೇಡಿ.

ವ್ಯಾಪಾರ ಒಂದು ರೂಪಾಯಿ ಆಗದಿದ್ದರೂ ವರ್ಷಕ್ಕೆ ಎರಡು ಫಾರ್ಮ್ ಹಾಕಲೇಬೇಕು. ಮಾರ್ಚ್‌ಗೆ ಲೆಕ್ಕ ಮುಗಿಸುವವರಿಗೆ ಫಾರ್ಮ್ 11ಕ್ಕೆ (ವಾರ್ಷಿಕ ರಿಟರ್ನ್) ಮೇ 30, ಫಾರ್ಮ್ 8ಕ್ಕೆ (ಲೆಕ್ಕಪತ್ರದ ವಿವರ) ಅಕ್ಟೋಬರ್ 30 ಕೊನೆ ದಿನ. ತಡವಾದಷ್ಟೂ ದಂಡ ಬೆಳೆಯುತ್ತದೆ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಆಡಿಟ್ ಕೂಡ ಮಾಡಿಸಬೇಕು. ಇದೆಲ್ಲದರ ಜೊತೆಗೆ ಆದಾಯ ತೆರಿಗೆ ರಿಟರ್ನ್ ಬೇರೆಯಾಗಿ ಹಾಕಬೇಕು. ಆ ಎರಡು ಫಾರ್ಮ್‌ಗಳ ತಾರೀಖುಗಳನ್ನು ಪಾಲುದಾರರಿಬ್ಬರ ಫೋನಿನಲ್ಲೂ ಇವತ್ತೇ ಹಾಕಿಡಿ, ಒಬ್ಬರಿಗೆ ಮರೆತರೆ ಇನ್ನೊಬ್ಬರಿಗೆ ನೆನಪಾಗುತ್ತದೆ.