ಹಳೇ ಮೈಸೂರು ರೋಡನ್ನು ಹುಡುಕಿಕೊಂಡು ಹೋಗುವುದು ಹೇಗೆ

ಮದ್ದೂರು ಮಂಡ್ಯ ನಡುವಿನ ಗೆಜ್ಜಲಗೆರೆ ಹತ್ತಿರ, ಬೆಂಗಳೂರು-ಮೈಸೂರು ರಸ್ತೆಯ ಪಕ್ಕ, ನಮ್ಮಪ್ಪನಿಗೆ ಒಂದು ಪಂಚರ್ ಅಂಗಡಿ ಇತ್ತು. ಅಂಗಡಿ ಅಂದರೆ ನಾಲ್ಕು ತಗಡು, ಗಾಳಿ ಹೊಡೆಯುವ ಪಂಪು, ಟ್ಯೂಬು ಮುಳುಗಿಸಿ ನೋಡಲು ಒಂದು ನೀರಿನ ತೊಟ್ಟಿ. ಗುರುತಿಗೆ ಹಳೇ ಲಾರಿ ಟೈರು ನೇತುಹಾಕಿದ್ದರು. ಪಕ್ಕದಲ್ಲೇ ಹಸಿರು ತಲೆಯ ಕಿಲೋಮೀಟರ್ ಕಲ್ಲು. ಶಾಲೆ ಬಿಟ್ಟ ಮೇಲೆ ನಾನು ಆ ಕಲ್ಲಿನ ಮೇಲೆ ಕೂತು ಬಸ್ಸು ಎಣಿಸುತ್ತಿದ್ದೆ. ಸರ್ಕಾರದ ಕಾಗದದಲ್ಲಿ ಆ ರಸ್ತೆ ರಾಜ್ಯ ಹೆದ್ದಾರಿ 17. ನಮಗೆ ಮಾತ್ರ ಟಾರು ರೋಡು.

ಎರಡು ಸಾವಿರದ ದಶಕದಲ್ಲಿ ಆ ರಸ್ತೆ ನಾಲ್ಕು ಲೇನ್ ಆಯಿತು. ಅಂಗಡಿ ಹತ್ತು ಮಾರು ಹಿಂದಕ್ಕೆ ಹೋಯಿತು. ಆಮೇಲೆ ರಸ್ತೆ ರಾಷ್ಟ್ರೀಯ ಹೆದ್ದಾರಿ 275 ಆಯಿತು, ಬಂಟ್ವಾಳದಿಂದ ಮಡಿಕೇರಿ, ಮೈಸೂರು ಹಾದು ಬೆಂಗಳೂರಿಗೆ ಬರುವ ಹೆದ್ದಾರಿಯ ಕೊನೆಯ ತುಂಡು. ಆಮೇಲೆ ಎಕ್ಸ್‌ಪ್ರೆಸ್‌ವೇ ಬಂತು. 2023ರ ಮಾರ್ಚ್ 12ರಂದು ಅದರ ಉದ್ಘಾಟನೆ ನಡೆದದ್ದೂ ನಮ್ಮ ಗೆಜ್ಜಲಗೆರೆಯಲ್ಲೇ. ಅಷ್ಟು ಹೊತ್ತಿಗೆ ಅಪ್ಪನ ಅಂಗಡಿ ಇರಲಿಲ್ಲ. ಜಾಗಕ್ಕೆ ಕಾಗದ ಇಲ್ಲ, ಹಾಗಾಗಿ ಪರಿಹಾರವೂ ಇಲ್ಲ ಅಂದರು.

ಅಲ್ಲಿಂದ ನನಗೆ ಹಳೇ ರಸ್ತೆಯ ಹುಚ್ಚು ಹತ್ತಿತು. ನಾಲ್ಕು ಸಲ ಪೂರ್ತಿ ಓಡಾಡಿದ್ದೇನೆ. ನೀವೂ ಒಂದು ಭಾನುವಾರ ಹೋಗಿ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೊದಲು ಒಂದು ವಿಷಯ ಗೊತ್ತಿರಲಿ. ಹೊಸ ರಸ್ತೆ ಹಳೇದನ್ನು ಬಿಟ್ಟು ಪೂರ್ತಿ ಬೇರೆ ದಾರಿಯಲ್ಲಿ ಹೋಗಿಲ್ಲ. ಬಿಡದಿ, ರಾಮನಗರ ಮತ್ತು ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇಷ್ಟು ಕಡೆ ಮಾತ್ರ ಊರು ತಪ್ಪಿಸಿ ಹೋಗುತ್ತದೆ. ಮಿಕ್ಕ ಕಡೆಯೆಲ್ಲ ಹಳೇ ರಸ್ತೆಯನ್ನೇ ಅಗಲ ಮಾಡಿದ್ದಾರೆ. ಹಾಗಾಗಿ ಗದ್ದೆ ಬಯಲಿನಲ್ಲಿ ಹಳೇ ರಸ್ತೆ ಹುಡುಕಿದರೆ ಸಿಗುವುದಿಲ್ಲ. ಅದು ಹೊಸ ರಸ್ತೆಯ ಅಡಿಯಲ್ಲಿದೆ. ಊರೊಳಗೆ ಹುಡುಕಿ, ಸಿಗುತ್ತದೆ. ಮೊದಲ ಸಲ ನಾನು ಇದು ತಿಳಿಯದೆ ಬಯಲಿನಲ್ಲೇ ಅರ್ಧ ದಿನ ಕಳೆದೆ.

ಹಿಂದಿನ ರಾತ್ರಿ ಮನೆಯಲ್ಲಿ ಕೂತು ಮಾಡುವ ಕೆಲಸ ಒಂದಿದೆ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದು ಹಳೇ ಉಪಗ್ರಹ ಚಿತ್ರಗಳನ್ನು ನೋಡಿ. ವರ್ಷವನ್ನು ಹಿಂದಕ್ಕೆ ಸರಿಸುತ್ತಾ ಹೋದರೆ ಬೈಪಾಸುಗಳು ಮಾಯವಾಗಿ ಬರೀ ಹಳೇ ರಸ್ತೆ ಉಳಿಯುತ್ತದೆ. ಅದರ ಮೇಲೆ ಗೆರೆ ಎಳೆದು ಫೋನಿಗೆ ಹಾಕಿಕೊಳ್ಳಿ. ಇನ್ನೂ ಹಿಂದಕ್ಕೆ ಹೋಗುವ ಆಸೆ ಇದ್ದರೆ ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆಗಳನ್ನು ಹುಡುಕಿ. ನಕ್ಷೆಯ ನಂಬರು ಬೆಂಗಳೂರಿನಿಂದ ಮದ್ದೂರಿನವರೆಗೆ 57ಎಚ್, ಮಂಡ್ಯ ಮತ್ತು ಮೈಸೂರಿನ ಕಡೆಗೆ 57ಡಿ.

ಗಾಡಿ ಯಾವುದು? ನನ್ನ ಕೇಳಿದರೆ ಸ್ಕೂಟರ್. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಬಿಡುವುದಿಲ್ಲ. ನಮ್ಮ ಕೆಲಸಕ್ಕೆ ಅದೇ ಅನುಕೂಲ, ಯಾಕೆಂದರೆ ಸರ್ವಿಸ್ ರಸ್ತೆಯಲ್ಲೇ ಊರೂರಿಗೂ ಇಳಿಯಬೇಕಾಗುತ್ತದೆ. ಕಾರಿನಲ್ಲಿ ಹೋಗುವವರು ಊರಿನ ಹೆಸರಿನ ಬೋರ್ಡು ಕಂಡ ತಕ್ಷಣ ಎಡಕ್ಕೆ ಸರಿದುಕೊಳ್ಳಿ. ಒಂದು ಇಳಿಯುವ ದಾರಿ ತಪ್ಪಿದರೆ ಒಂದು ಊರೇ ತಪ್ಪಿತು ಅಂತ. ಸರ್ವಿಸ್ ರಸ್ತೆ ಕೆಲವು ಕಡೆ ತುಂಡಾಗುತ್ತದೆ. ಅಲ್ಲಿ ಗಾಬರಿಯಾಗಿ ಎದುರು ದಿಕ್ಕಿನಲ್ಲಿ ನುಗ್ಗಬೇಡಿ. ಅಂಡರ್‌ಪಾಸ್ ಹಿಡಿದು ಆ ಕಡೆಯ ಸರ್ವಿಸ್ ರಸ್ತೆಗೆ ಹೋಗಿ. ಜೋರು ಮಳೆ ಬಂದ ದಿನ ಅಂಡರ್‌ಪಾಸಿನಲ್ಲಿ ನೀರು ಎಷ್ಟಿದೆ ನೋಡದೆ ಇಳಿಯಬೇಡಿ.

ಬೆಳಿಗ್ಗೆ ಆರೂವರೆಗೆ ಕೆಂಗೇರಿ ಬಿಟ್ಟರೆ ತಿಂಡಿ ಹೊತ್ತಿಗೆ ಬಿಡದಿ. ತಟ್ಟೆ ಇಡ್ಲಿ ತಿನ್ನಿ, ಮುಂದೆ ನಡೆಯಿರಿ. ನೋಡುವುದು ಶುರುವಾಗುವುದು ರಾಮನಗರದಿಂದ.

ಊರೊಳಗೆ ನಿಂತದ್ದು ಹಳೇ ಹೆದ್ದಾರಿಯ ಮೇಲೇನಾ ಅಂತ ತಿಳಿಯುವುದು ಸುಲಭ. ಅಂಗಡಿ ಬೋರ್ಡುಗಳ ಕೆಳಗಿನ ಸಾಲು ಓದಿ. 'ಬಿ.ಎಂ. ರಸ್ತೆ' ಅಂತ ಇದ್ದರೆ ಸರಿಯಾದ ಜಾಗದಲ್ಲಿದ್ದೀರಿ. ಬೆಂಗಳೂರು-ಮೈಸೂರು ರಸ್ತೆ ಅಂತ ಅದರ ಅರ್ಥ. ಹೆದ್ದಾರಿಯ ನಂಬರು ಎಷ್ಟು ಸಲ ಬದಲಾದರೂ ವಿಳಾಸ ಬದಲಾಗಿಲ್ಲ. ಇನ್ನೊಂದು ಗುರುತು ಕಲ್ಲುಗಳು. ರಾಜ್ಯ ಹೆದ್ದಾರಿಯ ಕಲ್ಲಿಗೆ ಹಸಿರು ತಲೆ, ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ. ಹಳದಿ ಬಣ್ಣ ಚಕ್ಕೆ ಎದ್ದು ಅಡಿಯಲ್ಲಿ ಹಸಿರು ಇಣುಕುವ ಕಲ್ಲು ಸಿಕ್ಕರೆ ಫೋಟೋ ತೆಗೆದುಕೊಳ್ಳದೆ ಬರಬೇಡಿ. ನನಗೆ ಇದುವರೆಗೆ ಎರಡೇ ಎರಡು ಸಿಕ್ಕಿವೆ. ಒಂದು ಪೆಟ್ಟಿಗೆ ಅಂಗಡಿಯ ಮೆಟ್ಟಿಲಾಗಿತ್ತು.

ರಾಮನಗರಕ್ಕೆ ಮೊದಲು ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ದಿವಾನ್ ಪೂರ್ಣಯ್ಯ ಬೆಳೆಸಿದ ಪೇಟೆ ಅದು. ಸುತ್ತಲಿನ ಬಂಡೆಗಳಿಗೆ ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ. ಪೂರ್ಣಯ್ಯನವರ ಹೆಸರು ನೆನಪಿಟ್ಟುಕೊಳ್ಳಿ, ಈ ದಾರಿಯ ಕೊನೆಯಲ್ಲಿ ಮತ್ತೆ ಸಿಗುತ್ತಾರೆ. ಊರು ದಾಟಿದ ಮೇಲೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ, ಅದೂ ಹಳೇ ರಸ್ತೆಯ ಮಗ್ಗುಲಲ್ಲೇ. ಅಲ್ಲಿಗೆ ಇನ್ನೊಂದು ದಿನ ಬನ್ನಿ. ಅವಸರದಲ್ಲಿ ನೋಡುವ ಜಾಗ ಅಲ್ಲ ಅದು.

ಚನ್ನಪಟ್ಟಣದಲ್ಲಿ ಮಾತ್ರ ಗಾಡಿ ಸ್ಟ್ಯಾಂಡ್ ಹಾಕಿ ನಡೆಯಬೇಕು. ರಸ್ತೆಯ ಎರಡೂ ಬದಿ ಗೊಂಬೆ ಅಂಗಡಿ. ಮೈಸೂರಿಗೆ ಹೋಗುವ ಕಾರು, ಟೂರಿಸ್ಟ್ ಬಸ್ಸುಗಳೆಲ್ಲ ಇಲ್ಲಿ ನಿಲ್ಲುತ್ತಿದ್ದವು. ಮಕ್ಕಳು ಕಿಟಕಿಯಿಂದ ಗೊಂಬೆ ಕುದುರೆ ನೋಡಿ ಹಟ ಮಾಡಿದರೆ ಅಪ್ಪ ಅಮ್ಮ ಇಳಿಯಲೇಬೇಕಿತ್ತು. ಬೈಪಾಸಿನಿಂದ ಗೊಂಬೆ ಕಾಣುವುದಿಲ್ಲ ಅಲ್ವಾ? ವ್ಯಾಪಾರ ಬಿದ್ದುಹೋಯಿತು. ಬಾಗಿಲು ಎಳೆದವರೂ ಇದ್ದಾರೆ. ಇರುವ ಅಂಗಡಿಗೆ ಹೋಗಿ ಸುಮ್ನೆ ಬೆಲೆ ಕೇಳಿ ಬರಬೇಡಿ. ಕೆಲಸ ನಡೆಯುವ ಜಾಗ ತೋರಿಸಿ ಅಂತ ಕೇಳಿ, ಖುಷಿಯಿಂದ ತೋರಿಸುತ್ತಾರೆ. ಆಲೆ ಮರದ ತುಂಡನ್ನು ತಿರುಗಣಿಗೆ ಹಾಕಿ ಕಡೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಬ್ರಷ್ಷಿನಲ್ಲಿ ಬಳಿದ ಬಣ್ಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಒಂದು ಬುಗುರಿಯನ್ನಾದರೂ ಕೊಂಡುಕೊಳ್ಳಿ. ಈ ರಸ್ತೆಯ ಚರಿತ್ರೆಯಲ್ಲಿ ಇವತ್ತಿಗೂ ದುಡಿಯುತ್ತಿರುವ ಭಾಗ ಇದು.

ಜನರನ್ನು ಮಾತಾಡಿಸುವ ರೀತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 'ಎಸ್.ಎಚ್. 17 ಎಲ್ಲಿತ್ತು?' ಅಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. 'ಯಜಮಾನ್ರೇ, ಮೊದಲು ಮೈಸೂರು ಬಸ್ಸು ಎಲ್ಲಿ ನಿಲ್ಲುತ್ತಿತ್ತು?' ಅಂತ ಕೇಳಿ. ಬಸ್ಸು ನಿಲ್ಲುತ್ತಿದ್ದ ಜಾಗ, ಅಲ್ಲಿದ್ದ ಮರ, ಮರದ ಕೆಳಗೆ ಟೀ ಮಾರುತ್ತಿದ್ದವರ ಹೆಸರು, ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಅರ್ಧ ಗಂಟೆ ಕೂತು ಕೇಳಲು ತಯಾರಾಗಿ ಹೋಗಿ. ಅನುಮತಿ ಕೇಳದೆ ರೆಕಾರ್ಡ್ ಮಾಡಬೇಡಿ.

ಮದ್ದೂರಿನಲ್ಲಿ ಉದ್ದದ ಮೇಲ್ಸೇತುವೆ ಇದೆ. ಕೆಳಗೆ ಇಳಿಯಿರಿ. ಮದ್ದೂರು ವಡೆ ಹೆದ್ದಾರಿಯ ತಿಂಡಿ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಹುಟ್ಟಿದ್ದು ರೈಲು ನಿಲ್ದಾಣದಲ್ಲಿ, ಆಮೇಲೆ ರಸ್ತೆಗೆ ಬಂತು. ಪಕ್ಕದ ಶಿವಪುರದಲ್ಲಿ ಸತ್ಯಾಗ್ರಹ ಸೌಧ ಇದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿಗರು ನಿಷೇಧ ಮೀರಿ ತ್ರಿವರ್ಣ ಧ್ವಜ ಹಾರಿಸಿದ ಜಾಗ. ಎಷ್ಟೋ ವರ್ಷ ಬಸ್ಸಿನಲ್ಲಿ ಅದರ ಮುಂದೆಯೇ ಓಡಾಡಿದ ನಾನು ಒಳಗೆ ಕಾಲಿಟ್ಟಿದ್ದು ರಸ್ತೆ ಹುಡುಕಲು ಹೊರಟ ಮೇಲೆ.

ಮಂಡ್ಯದೊಳಗೆ ಹೋದರೆ ಸಂಜಯ ವೃತ್ತದಲ್ಲಿ ಐದು ನಿಮಿಷ ನಿಲ್ಲಿ. ಕಾವೇರಿ ಚಳವಳಿ ಎದ್ದಾಗಲೆಲ್ಲ ರೈತರು ಬಂದು ಕೂರುತ್ತಿದ್ದದ್ದು ಇಲ್ಲಿ. ಇಲ್ಲಿ ಕೂತರೆ ಬೆಂಗಳೂರು ಮೈಸೂರಿನ ನಡುವಿನ ಓಡಾಟವೇ ನಿಲ್ಲುತ್ತಿತ್ತು. ಕಬ್ಬು ಅರೆಯುವ ಕಾಲದಲ್ಲಿ ಇದೇ ರಸ್ತೆಯಲ್ಲಿ ಎತ್ತಿನ ಗಾಡಿಗಳ ಸಾಲು. 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯ ಕಡೆಗೆ. ಅಪ್ಪ ಹೇಳುತ್ತಿದ್ದರು, ಆ ಕಾಲದಲ್ಲಿ ಲಾರಿಗಿಂತ ಗಾಡಿಗೇ ರಸ್ತೆಯ ಮೇಲೆ ಅಧಿಕಾರ ಜಾಸ್ತಿ ಅಂತ.

ಶ್ರೀರಂಗಪಟ್ಟಣಕ್ಕೆ ಸಂಜೆ ನಾಲ್ಕರೊಳಗೆ ತಲುಪಿ, ಬೆಳಕು ಬೇಕು. ಕಾವೇರಿ ದಾಟುವ ಕಡೆ ವೆಲ್ಲೆಸ್ಲಿ ಸೇತುವೆ ಕೇಳಿ. 1804ರಲ್ಲಿ ಪೂರ್ಣಯ್ಯನವರು ಕಟ್ಟಿಸಿದ್ದು. ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನದೇ ತೊಲೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹೋಯಿತು. ಆ ಬದಲಾವಣೆಯ ಕಾಲದ ಸೇತುವೆ ಇದು. ಮೇಲಿನಿಂದ ನೋಡಿ ಹೋಗಿಬಿಡಬೇಡಿ. ನೀರು ಕಡಿಮೆ ಇದ್ದಾಗ ದಡಕ್ಕೆ ಇಳಿದು ಕಂಬಗಳನ್ನು ಪಕ್ಕದಿಂದ ನೋಡಿ.

ಇನ್ನು ಹೊಸ ರಸ್ತೆಯ ಅಡಿಯಲ್ಲಿ ಹೂತುಹೋದ ಭಾಗ. ಅದನ್ನೂ ಗುರುತು ಮಾಡಬಹುದು. ಅದಕ್ಕೆ ಕದಲದ ವಸ್ತು ಬೇಕು. ಅಂಗಡಿ, ಮರ, ಬಸ್ ಸ್ಟಾಪು ನಂಬಬೇಡಿ, ಅವು ಹೋಗಿರುತ್ತವೆ. ಕೆರೆ ಏರಿ, ನಾಲೆ, ಗುಡಿ, ರೈಲು ಹಳಿ ನಂಬಬಹುದು. ಊರಿನ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ಗುಡಿ ಬಾಗಿಲಿನಿಂದ ರಸ್ತೆಗೆ ಮೊದಲು ಎಷ್ಟು ದೂರ ಇತ್ತು ಅಂತ ಕೇಳಿ, ಹಳೇ ಚಿತ್ರದ ಜೊತೆ ಹೋಲಿಸಿ. ಬೇಲಿ ದಾಟಿ ಮುಖ್ಯ ರಸ್ತೆಗೆ ಮಾತ್ರ ಇಳಿಯಲೇಬೇಡಿ.

ಕಳೆದ ಸಲ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಗೆಜ್ಜಲಗೆರೆ ಬಳಿ ಸರ್ವಿಸ್ ರಸ್ತೆಯಲ್ಲಿ ಗಾಡಿ ನಿಲ್ಲಿಸು ಅಂದರು. ಗುಡಿಯ ಹತ್ತಿರ ಹೋಗಿ, ಅಲ್ಲಿಂದ ಹೆಜ್ಜೆ ಎಣಿಸುತ್ತಾ ಬೇಲಿಯವರೆಗೆ ಬಂದರು. ಇನ್ನೂ ಇಪ್ಪತ್ತು ಹೆಜ್ಜೆ ಬಾಕಿ ಇತ್ತು. ಬೇಲಿಯ ಮೇಲಿಂದ ಕೈ ಚಾಚಿ ಎರಡನೇ ಲೇನನ್ನು ತೋರಿಸಿ 'ತೊಟ್ಟಿ ಅಲ್ಲಿತ್ತು, ಕಲ್ಲು ಅದರ ಈ ಕಡೆ' ಅಂದರು. ಫೋನಿನ ನಕ್ಷೆಯಲ್ಲಿ ಆ ಜಾಗಕ್ಕೆ ಚುಕ್ಕಿ ಇಟ್ಟು, ಕೆಳಗೆ ಅಪ್ಪನ ಹೆಸರು ಬರೆದುಕೊಂಡೆ.