ಕಾಡಿಗೆಯ ಕಣವನ್ನು ಬೆಳಕಿನಲ್ಲಿ ಹಿಡಿದು ನಿಲ್ಲಿಸಿದ ಬಗೆ

ಗಾಳಿಯಲ್ಲಿ ತೇಲುವ ಮಸಿಯ ಕಣವನ್ನು ಲೇಸರಿನಿಂದ ಹಿಡಿದು ನಿಲ್ಲಿಸುತ್ತೇನೆಂದಾಗ, ದಾವಣಗೆರೆಯ ನಮ್ಮ ಕಾಲೇಜಿನ ಸಹೋದ್ಯೋಗಿಗಳು, ಅದಕ್ಕೆ ಲಕ್ಷಗಟ್ಟಲೆ ಬೆಲೆಯ, ಅಲುಗಾಡದ ಆಪ್ಟಿಕಲ್ ಟೇಬಲ್ ಬೇಕು, ಸುಮ್ಮನೆ ದುಡ್ಡು ಕಳೆದುಕೊಳ್ಳಬೇಡಿ ಎಂದಿದ್ದರು. ಕಳೆದ ತಿಂಗಳು ಒಂದೇ ಕಣ ಸುಮಾರು 40 ನಿಮಿಷ ನಿಂತಿತು. ಹಾಗೆ ಹೇಳಿದವರೇ ಬಂದು, ಫ್ಯಾನ್ ಆರಿಸಿದ ಕೋಣೆಯಲ್ಲಿ ಬೆವರುತ್ತಾ, ಅಕ್ರಿಲಿಕ್ ಪೆಟ್ಟಿಗೆಯೊಳಗೆ ನೇರಳೆ ಚುಕ್ಕಿಯೊಂದು ಆಧಾರವಿಲ್ಲದೆ ಹೊಳೆಯುವುದನ್ನು ನೋಡಿ ಹೋದರು.

ಮೊದಲ ಎಂಟು ತಿಂಗಳು ಬರೀ ನಷ್ಟ. ಹಸಿರು ಲೇಸರ್ ಪಾಯಿಂಟರಿನ ಶಕ್ತಿ ಸಾಲಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ 405 ನ್ಯಾನೊಮೀಟರಿನ ನೇರಳೆ ಲೇಸರ್ ಡಯೋಡುಗಳಲ್ಲಿ ಎರಡು, ಅವಕ್ಕೆ ಕರೆಂಟು ಕೊಡುವ ಡ್ರೈವರಿನ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ಖಾಲಿ ಮಾಡದೆ ಜೋಡಿಸಿದ್ದರಿಂದ ಸುಟ್ಟುಹೋದವು. ಒಂದಕ್ಕೆ 1,800 ರೂಪಾಯಿಯ ಆಸುಪಾಸು. ಆಮೇಲೆ ಆರು ಸಾವಿರ ಕೊಟ್ಟು ಬೆಳಕನ್ನು ಅಚ್ಚುಕಟ್ಟಾಗಿ ಒಂದೆಡೆ ಸೇರಿಸುವ ಒಳ್ಳೆಯ ಅಕ್ರೊಮ್ಯಾಟ್ ಮಸೂರ ತರಿಸಿದೆ, ದೊಡ್ಡ ತಪ್ಪು ಅದೇ. ಲೇಸರಿನಿಂದ ಕಣ ಹಿಡಿಯುವುದನ್ನು ಮೊದಲು ತೋರಿಸಿದ ಅಮೆರಿಕದ ಭೌತವಿಜ್ಞಾನಿ ಆರ್ಥರ್ ಆಶ್ಕಿನ್ 1970ರಲ್ಲಿ ಹಿಡಿದದ್ದು ನೀರಿನಲ್ಲಿದ್ದ ಪಾರದರ್ಶಕ ಸೂಕ್ಷ್ಮ ಗೋಲಿಗಳನ್ನು. ಮಸಿಯ ಕಣವಾದರೋ ಬೆಳಕು ಬಿದ್ದ ಮೈ ಕಾದೊಡನೆ ಬೆಳಕಿನಿಂದ ದೂರ ಸರಿಯುತ್ತದೆ. ಅದಕ್ಕೆ ಬೇಕಾದದ್ದು ಸುತ್ತಲೂ ಬೆಳಕಿರುವ ಒಂದು ಕತ್ತಲ ಗೂಡು. ಒಳ್ಳೆಯ ಮಸೂರ ಬೆಳಕನ್ನೆಲ್ಲ ಒಂದೇ ಚುಕ್ಕಿಗೆ ತರುವ ಶುದ್ಧವಾದ ಫೋಕಸ್ಸಿನಲ್ಲಿ ಆ ಗೂಡು ಸಿಗುವುದಿಲ್ಲ. ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬಾಗಿರುವ 250 ರೂಪಾಯಿಯ ಪ್ಲಾನೊ-ಕಾನ್ವೆಕ್ಸ್ ಮಸೂರದ ಚಪ್ಪಟೆ ಮುಖವನ್ನು ಲೇಸರಿನ ಕಡೆಗೆ ತಿರುಗಿಸಿ, ತುಸು ವಾಲಿಸಿ ಫೋಕಸ್ಸನ್ನು ಕೆಡಿಸಿದ ದಿನವೇ ಕಣ ಸಿಕ್ಕಿತು. ಎಷ್ಟು ವಾಲಿಸಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಣಕ್ಕಾಗಿ ಏನೇನೋ ತಂದು ನೋಡಿದೆ. ಮಂಡಕ್ಕಿ ಭಟ್ಟಿಯ ಹೊಗೆಗೂಡಿನ ಮಸಿ ಆಗೊಮ್ಮೆ ಈಗೊಮ್ಮೆ ನಿಂತಿತು, ಆದರೆ ಅದರಲ್ಲಿ ಜಿಡ್ಡು ಹೆಚ್ಚು. ಭತ್ತದ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಬಿಳಿಬೂದಿ ಬೆಳಕನ್ನು ಹೀರದು, ಹಾಗಾಗಿ ಒಂದು ಕಣವೂ ನಿಲ್ಲಲಿಲ್ಲ. ಕೊನೆಗೆ ಗೆದ್ದದ್ದು, ಅಜ್ಜಿ ಮಾಡುತ್ತಿದ್ದಂತೆ ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಹಿಡಿದ ಕಾಡಿಗೆ. ಅದನ್ನು ಒಣಬ್ರಶ್ಶಿನಿಂದ ಕಿರಣದ ಮೇಲ್ಗಡೆ ಮೆಲ್ಲಗೆ ಕೊಡವಿದರೆ ಹತ್ತು ಸಲಕ್ಕೆ ಆರೇಳು ಸಲ ಸಿಗುತ್ತದೆ.

ಮಸೂರವನ್ನು ಹಳೆಯ ಡಿವಿಡಿ ಡ್ರೈವಿನ ಸ್ಲೆಡ್ಡಿಗೆ, ಅಂದರೆ ಮೋಟಾರಿನಿಂದ ಹಿಂದೆ ಮುಂದೆ ಜಾರುವ ಭಾಗಕ್ಕೆ, ಅಂಟಿಸಿ ಸರಿಸಿದರೆ ಕಣವೂ ಜೊತೆಗೇ ಬರುತ್ತದೆ, ಈವರೆಗೆ ಸುಮಾರು ಮೂರು ಸೆಂಟಿಮೀಟರ್. ಮೋಟಾರು ಜರ್ಕ್ ಹೊಡೆದರೆ ಕಣ ಉದುರುತ್ತದೆ. ಕರೆಂಟು ಹೋದರೂ ಅಷ್ಟೇ, ಆದ್ದರಿಂದ ಡಯೋಡನ್ನು ಬ್ಯಾಟರಿಗೆ ಹಾಕಿದ್ದೇನೆ. ಇದೇ 405 ನ್ಯಾನೊಮೀಟರಿನ ಬೆಳಕಿನಲ್ಲಿ ಕಣವನ್ನು ವೇಗವಾಗಿ ಓಡಿಸಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2018ರಲ್ಲಿ ಗಾಳಿಯಲ್ಲೇ ಚಿತ್ರ ಬರೆದು ತೋರಿಸಿದ್ದಾರೆ. ನಾನು ಎರಡನೆಯ ಸ್ಲೆಡ್ಡನ್ನು ಅಡ್ಡಲಾಗಿ ಕೂರಿಸುತ್ತಿದ್ದೇನೆ. ಮೊದಲು ಒಂದು ಸೊನ್ನೆ ಸುತ್ತಿಸಬೇಕು.