ರೋಷ್ ಹಶಾನಾ ಊಟಕ್ಕೆ ಮೊದಲೇ ಮಾಡಿಡುವ ಜೇನಿನ ಸೆಮಿಫ್ರೆಡ್ಡೊ

ಯೆಹೂದಿಗಳ ಹೊಸವರ್ಷವಾದ ರೋಷ್ ಹಶಾನಾ ಎರಡು ದಿನಗಳ ಹಬ್ಬ. ಬರುವ ವರ್ಷ ಸಿಹಿಯಾಗಿರಲೆಂದು ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುವ ಈ ಹಬ್ಬದಲ್ಲಿ, ಊಟದ ಕೊನೆಯ ಸಿಹಿ ಎರಡು ಕಟ್ಟುಪಾಡುಗಳಿಗೆ ಒಳಪಟ್ಟಿರುತ್ತದೆ. ಯೆಹೂದಿಗಳ ಆಹಾರ ಕಟ್ಟಳೆಯಾದ ಕೋಷರ್ ನಿಯಮದಂತೆ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಒಂದೇ ಊಟದಲ್ಲಿ ತಿನ್ನುವಂತಿಲ್ಲ. ಮಾಂಸ ಉಂಡವರು ಹಾಲಿನದನ್ನು ಮುಟ್ಟಲು ಅನೇಕ ಮನೆಗಳಲ್ಲಿ ಆರು ಗಂಟೆ ಕಾಯುತ್ತಾರೆ. ಆದ್ದರಿಂದ ಹಬ್ಬದ ಮಾಂಸದೂಟದ ನಂತರ ಬಡಿಸುವ ಸಿಹಿ ‘ಪಾರ್ವೆ’, ಅಂದರೆ ಹಾಲೂ ಮಾಂಸವೂ ಸೇರದ್ದು ಆಗಿರಬೇಕು. ಇನ್ನು ಸಂಪ್ರದಾಯಸ್ಥರ ಮನೆಗಳಲ್ಲಿ ಹಬ್ಬದ ದಿನ ಹೊಸದಾಗಿ ಒಲೆ ಹೊತ್ತಿಸುವುದಿಲ್ಲ, ಮಿಕ್ಸರ್ ಚಾಲೂ ಮಾಡುವುದಿಲ್ಲ. ಹಬ್ಬವು ವಾರದ ವಿಶ್ರಾಂತಿಯ ಶಬ್ಬಾತ್ ದಿನವಾದ ಶನಿವಾರವೇ ಬಂದರೆ ಅಡುಗೆಯೇ ನಿಷಿದ್ಧ. ಕೆಲವು ದಿನ ಮೊದಲೇ ಮಾಡಿ ಫ್ರೀಜರಿನಲ್ಲಿಡುವ ಸಿಹಿಗೆ ಈ ಮನೆಗಳಲ್ಲಿ ಅಷ್ಟೊಂದು ಬೆಲೆ ಬಂದಿರುವುದು ಇದರಿಂದಲೇ.

ಸೆಮಿಫ್ರೆಡ್ಡೊ ಎಂದರೆ ಮೊಟ್ಟೆ ಮತ್ತು ಕಡೆದ ಕೆನೆ ಬೆರೆಸಿ ಹೆಪ್ಪುಗಟ್ಟಿಸುವ, ಐಸ್‌ಕ್ರೀಂ ತರಹದ ಇಟಲಿಯ ಸಿಹಿ. ಅದಕ್ಕೆ ಹಾಲಿನ ಕೆನೆಯ ಬದಲಿಗೆ ವನಸ್ಪತಿ ಕೊಬ್ಬಿನ ಸಿದ್ಧ ಕೆನೆಯನ್ನು ಬಳಸುವವರು ಬಹಳ ಮಂದಿ. ಅದು ಸುಲಭವಾಗಿ ಉಬ್ಬುತ್ತದೆ, ಆದರೆ ನಾಲಗೆಯ ಮೇಲೆ ಜಿಡ್ಡನ್ನು ಉಳಿಸುತ್ತದೆ. ತೆಂಗಿನ ಹಾಲು ಅದಕ್ಕಿಂತ ಎಷ್ಟೋ ಮೇಲು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯೆಹೂದಿಗಳು ಹೊಸವರ್ಷದ ಹಲ್ವವನ್ನು ತೆಂಗಿನ ಹಾಲಿನಲ್ಲೇ ಮಾಡುತ್ತ ಬಂದಿದ್ದಾರೆ.

ಎಂಟು ಜನರಿಗೆ 400 ಮಿಲಿಲೀಟರಿನ ಎರಡು ಡಬ್ಬಿ ಗಟ್ಟಿ ತೆಂಗಿನ ಹಾಲು, ಐದು ಮೊಟ್ಟೆಯ ಹಳದಿ, 150 ಗ್ರಾಂ ಜೇನುತುಪ್ಪ, ಒಂದು ಕಿತ್ತಳೆಯ ತುರಿದ ಸಿಪ್ಪೆ ಮತ್ತು ಚಿಟಿಕೆ ಉಪ್ಪು ಬೇಕು. ಡಬ್ಬಿಗಳ ಮೇಲೆ ಕೋಷರ್ ಪಾರ್ವೆ ಮುದ್ರೆಯಿದೆಯೇ ಎಂದು ನೋಡಿಕೊಳ್ಳಿ. ಬೆಣ್ಣೆ ಕಡೆಯಲು ಬಳಸುವ ಪಾತ್ರೆ ಮತ್ತು ಬೀಟರ್ ಇಲ್ಲಿ ಸಲ್ಲವು.

ಡಬ್ಬಿಗಳನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಗಟ್ಟಿಯಾಗಿ ನಿಂತ ಕೆನೆಯನ್ನಷ್ಟೇ ತೆಗೆದುಕೊಳ್ಳಿ. ಮೊಟ್ಟೆಗಳನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು, ರಕ್ತದ ಚುಕ್ಕೆಯಿದ್ದರೆ ಆ ಮೊಟ್ಟೆಯನ್ನು ಬಿಟ್ಟುಬಿಡಬೇಕು, ಇದೂ ಕೋಷರ್ ಅಡುಗೆಮನೆಯ ಕ್ರಮ. ಹಳದಿ, ಜೇನು ಮತ್ತು ಉಪ್ಪನ್ನು ಬಟ್ಟಲಿಗೆ ಹಾಕಿ, ಸಣ್ಣಗೆ ಕುದಿಯುವ ನೀರಿನ ಪಾತ್ರೆಯ ಮೇಲೆ, ನೀರು ತಾಗದಂತೆ ಇಟ್ಟು ಕೈಬಿಡದೆ ಕಲಕಿ. ಉಷ್ಣತೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊಟ್ಟೆ ತಿನ್ನಲು ಸುರಕ್ಷಿತವಾಗುತ್ತದೆ. ಅದನ್ನು ಬಹಳ ಮೀರಿದರೆ ಹಳದಿ ಒಡೆದು ಗಂಟುಗಂಟಾಗುತ್ತದೆ. ಕೂಡಲೇ ಇಳಿಸಿ, ಮಿಶ್ರಣ ಪೂರ್ತಿ ತಣಿದು ಬಣ್ಣ ತಿಳಿಯಾಗಿ ಉಬ್ಬುವವರೆಗೆ ಬೀಟರಿನಲ್ಲಿ ಕಡೆಯಿರಿ. ಅವಸರಪಡಬೇಡಿ. ಐಸ್‌ಕ್ರೀಂ ಯಂತ್ರವಿಲ್ಲದೆ ಮಾಡುವ ಈ ಸಿಹಿಯಲ್ಲಿ ಮೃದುತ್ವ ಬರುವುದು ಈಗ ಸೇರುವ ಗಾಳಿಯಿಂದ, ಮತ್ತು ನೀರು ಪೂರ್ತಿ ಹೆಪ್ಪುಗಟ್ಟದಂತೆ ತಡೆಯುವ ಜೇನಿನ ಸಕ್ಕರೆಗಳಿಂದ.

ತೆಂಗಿನ ಕೆನೆಯನ್ನು ಬೇರೆಯಾಗಿ ಕಡೆದು, ಕಿತ್ತಳೆ ಸಿಪ್ಪೆಯೊಂದಿಗೆ ಮೂರು ಸಲವಾಗಿ ಹಳದಿಯ ಮಿಶ್ರಣಕ್ಕೆ ಹಗುರ ಕೈಯಿಂದ ಬೆರೆಸಿ. ಬೇಕಿಂಗ್ ಪೇಪರ್ ಹಾಸಿದ ಉದ್ದನೆಯ ಬ್ರೆಡ್ ಟಿನ್ನಿಗೆ ಸುರಿದು, ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಒಂದು ರಾತ್ರಿ ಇಡಿ. ಒಂದು ವಾರದವರೆಗೆ ರುಚಿ ಕೆಡುವುದಿಲ್ಲ. ಪಿಸ್ತಾ, ಬಾದಾಮಿ ಸೇರಿಸಿದರೆ ಚೆನ್ನ ಎನಿಸಬಹುದು. ಆದರೆ ಅನೇಕ ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ) ಯೆಹೂದಿಗಳು ರೋಷ್ ಹಶಾನಾದಲ್ಲಿ ಈ ಬಗೆಯ ಬೀಜಗಳನ್ನು ತಿನ್ನುವುದಿಲ್ಲವಾದ್ದರಿಂದ, ಅತಿಥಿಗಳನ್ನು ಕೇಳದೆ ಹಾಕದಿರುವುದೇ ಸರಿ.

ಮೇಲೆ ಸುರಿಯಲು ದಾಳಿಂಬೆಯ ಪಾಕ ಬೇಕು. ದಾಳಿಂಬೆಯಲ್ಲಿ ಯೆಹೂದಿಗಳ ಧರ್ಮಗ್ರಂಥವಾದ ತೋರಾದ 613 ಆಜ್ಞೆಗಳಷ್ಟೇ ಕಾಳುಗಳಿವೆ ಎಂಬ ನಂಬಿಕೆಯಿಂದ ಅದು ಈ ಹಬ್ಬದ ತಟ್ಟೆಯಲ್ಲಿ ಇರಲೇಬೇಕಾದ ಹಣ್ಣು. ಅರ್ಧ ಲೀಟರ್ ರಸಕ್ಕೆ 100 ಗ್ರಾಂ ಸಕ್ಕರೆ, ಒಂದು ಚಮಚ ನಿಂಬೆರಸ ಸೇರಿಸಿ ಅರ್ಧಕ್ಕಿಂತ ಕಡಿಮೆಯಾಗುವವರೆಗೆ ಕುದಿಸಿ, ಸೀಸೆಯಲ್ಲಿ ತುಂಬಿ ಫ್ರಿಜ್‌ನಲ್ಲಿಡಿ. ಇದೂ ಹಬ್ಬಕ್ಕೆ ಮೊದಲೇ ಮುಗಿಯಬೇಕಾದ ಕೆಲಸ.

ತೆಂಗಿನ ಕೊಬ್ಬು ಚಳಿಯಲ್ಲಿ ಹಾಲಿನ ಕೊಬ್ಬಿಗಿಂತ ಗಡುಸಾಗುತ್ತದೆ. ಆದ್ದರಿಂದ ಬಡಿಸುವ ಹದಿನೈದು ನಿಮಿಷ ಮೊದಲು ಟಿನ್ನನ್ನು ಹೊರಗಿಟ್ಟು, ತಟ್ಟೆಗೆ ಮಗುಚಿ, ಎರಡು ಬೆರಳು ದಪ್ಪದ ಹೋಳುಗಳಾಗಿ ಕತ್ತರಿಸಿ. ಪಾಕವನ್ನೂ ದಾಳಿಂಬೆ ಕಾಳುಗಳನ್ನೂ ತಟ್ಟೆ ಮೇಜಿಗೆ ಬಂದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಕೆಂಪು ಹರಡಿ ಹೋಳಿನ ಅಂದ ಕೆಡುತ್ತದೆ.